ರಾತ್ರಿಯಿಡೀ ನಡೆಯುವ 300 ಕಿ.ಮೀ. ಸೈಕಲ್ ಬ್ರೆವೆ: ಗುಂಪಿನ ಜೊತೆ ಸಾಗಬೇಕೆ, ನಮ್ಮ ವೇಗದಲ್ಲಿ ಸಾಗಬೇಕೆ?

ಗುಬ್ಬಿಪೆಡಲ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಬಳಿಯ ಗುಬ್ಬಿಯವಳು. ಹಗಲಿನಲ್ಲಿ ನಡೆದ 200 ಕಿ.ಮೀ. ಬ್ರೆವೆಯನ್ನು (ಗೊತ್ತುಪಡಿಸಿದ ದೂರವನ್ನು ಕಾಲಮಿತಿಯೊಳಗೆ ಕ್ರಮಿಸುವ, ಸ್ಪರ್ಧೆಯಲ್ಲದ ಸೈಕಲ್ ಸವಾರಿ) ಮುಗಿಸಿದ ಧೈರ್ಯದ ಮೇಲೆ, ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಹೊರಡುವ 300 ಕಿ.ಮೀ. ಸವಾರಿಗೆ ಹೆಸರು ಕೊಟ್ಟಿದ್ದೇನೆ. ಶನಿವಾರ ಸಂಜೆ 6 ಗಂಟೆಗೆ ನಗರದ ಅಂಚಿನಿಂದ ಹೊರಟು, ನೆಲಮಂಗಲ, ತುಮಕೂರು, ಶಿರಾ ದಾಟಿ, ಹಿರಿಯೂರಿನ ಹತ್ತಿರ ತಿರುಗಿ ಅದೇ ದಾರಿಯಲ್ಲಿ ಮರಳಬೇಕು. 20 ಗಂಟೆಗಳ ಅವಧಿಯಿರುವುದರಿಂದ ಭಾನುವಾರ ಮಧ್ಯಾಹ್ನ 2 ಗಂಟೆಯೊಳಗೆ ಮುಗಿಸಬೇಕಾಗುತ್ತದೆ. ಇಡೀ ರಾತ್ರಿ ಸೈಕಲ್ ಮೇಲೆ ಕಳೆಯುವುದು ನನಗೆ ಇದೇ ಮೊದಲು.

ಹೆಸರು ಕೊಟ್ಟವರಲ್ಲಿ ಪರಿಚಯದ ಆರು ಜನರ ಗುಂಪೊಂದಿದ್ದು, "ನಮ್ಮ ಜೊತೆಯೇ ಬನ್ನಿ, ನಿಮ್ಮನ್ನು ಬಿಟ್ಟು ಹೋಗುವುದಿಲ್ಲ" ಎಂದು ಭರವಸೆ ಕೊಟ್ಟಿದ್ದಾರೆ. ಅವರ ವೇಗ ನನ್ನದಕ್ಕಿಂತ ಗಂಟೆಗೆ ಮೂರು ನಾಲ್ಕು ಕಿ.ಮೀ. ಹೆಚ್ಚು. ರಾತ್ರಿಯ ಹೆದ್ದಾರಿಯಲ್ಲಿ ಗುಂಪನ್ನು ಬಿಡದೆ ಹಿಂಬಾಲಿಸುವುದು ಸರಿಯೇ, ಅಥವಾ ನನ್ನ ಪಾಡಿಗೆ ನಾನು ತುಳಿಯುವುದು ಸರಿಯೇ? ಎರಡನೆಯದಾಗಿ, ಬೆಳಗಿನ ಜಾವದ ತೂಕಡಿಕೆಯನ್ನು ಅನುಭವಿಗಳು ಹೇಗೆ ನಿಭಾಯಿಸುತ್ತಾರೆ? ಕೊನೆಯದು ಮನೆಯ ವಿಷಯ: ನಮ್ಮ ಯಜಮಾನರು ಕಾರಿನಲ್ಲಿ ಹಿಂದೆಯೇ ಬರುತ್ತೇನೆಂದು ಹಟ ಹಿಡಿದಿದ್ದಾರೆ. ಹಾಗೆ ಬರಲು ಅವಕಾಶವಿದೆಯೇ?

ಹಳೇಚೈನು

ಕಾರಿನ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ. ಬ್ರೆವೆಯ ನಿಯಮದ ಪ್ರಕಾರ ಪ್ರತಿಯೊಬ್ಬ ಸವಾರನೂ ಸ್ವಾವಲಂಬಿಯಾಗಿರಬೇಕು. ಹಿಂಬಾಲಿಸುವ ವಾಹನಕ್ಕೆ ದಾರಿಯಲ್ಲಿ ಅವಕಾಶವಿಲ್ಲ, ಮನೆಯವರ ನೆರವನ್ನು ಕಂಟ್ರೋಲುಗಳಲ್ಲಿ, ಅಂದರೆ ಸವಾರರು ತಮ್ಮ ಬ್ರೆವೆ ಕಾರ್ಡಿಗೆ ಸಮಯದ ಮುದ್ರೆ ಹಾಕಿಸಿಕೊಳ್ಳುವ ಸ್ಥಳಗಳಲ್ಲಿ, ಮಾತ್ರ ಪಡೆಯಬಹುದು. ಅವರು ಬರಲೇಬೇಕೆಂದಿದ್ದರೆ ನೇರವಾಗಿ ತಿರುಗುವ ಸ್ಥಳಕ್ಕೋ ಕೊನೆಯ ಸ್ಥಳಕ್ಕೋ ಬಂದು ಕಾಯಲಿ. ಲಾರಿಗಳ ನಡುವೆ ಗಂಟೆಗೆ 20 ಕಿ.ಮೀ. ವೇಗದಲ್ಲಿ ತೆವಳುವ ಕಾರು ನಿಮ್ಮನ್ನು ಕಾಪಾಡುವುದಕ್ಕಿಂತ ತಾನೇ ಒಂದು ಅಪಾಯವಾಗುವ ಸಂಭವ ಹೆಚ್ಚು ಎಂಬುದನ್ನೂ ಅವರಿಗೆ ತಿಳಿಸಿ. ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ 1033 ಮತ್ತು ತುರ್ತು ಸಂಖ್ಯೆ 112 ನಿಮ್ಮಿಬ್ಬರ ಫೋನಿನಲ್ಲಿಯೂ ಇರಲಿ. ನೀವಿರುವ ಜಾಗ ಅವರಿಗೆ ಮೊಬೈಲಿನಲ್ಲಿ ಕಾಣುತ್ತಿದ್ದರೆ ಅರ್ಧ ಆತಂಕ ಅಲ್ಲಿಗೇ ಕಳೆಯುತ್ತದೆ.

ಗುಂಪಿನ ಪ್ರಶ್ನೆ ಈ ಹವ್ಯಾಸದಷ್ಟೇ ಹಳೆಯದು. 1904ರಲ್ಲಿ ಫ್ರಾನ್ಸಿನಲ್ಲಿ ಆನ್ರಿ ದೆಗ್ರಾಂಜ್ ಬೆಳೆಸಿದ ಓಡಾಕ್ಸ್ ಪದ್ಧತಿಯಲ್ಲಿ ಎಲ್ಲರೂ ನಾಯಕನೊಬ್ಬನ ಹಿಂದೆ, ಗೊತ್ತುಪಡಿಸಿದ ವೇಗದಲ್ಲಿ, ಒಟ್ಟಾಗಿ ಸಾಗಬೇಕಿತ್ತು, ಗಂಟೆಗೆ 22.5 ಕಿ.ಮೀ. ವೇಗದ ಅಂಥ ಸವಾರಿಗಳು ಅಲ್ಲಿ ಈಗಲೂ ಉಂಟು. 1921ರಲ್ಲಿ ಓಡಾಕ್ಸ್ ಕ್ಲಬ್ ಪ್ಯಾರಿಸಿಯನ್ ಆ ಪದ್ಧತಿಯಿಂದ ಬೇರೆಯಾಗಿ, ಪ್ರತಿಯೊಬ್ಬರೂ ತಮ್ಮ ತಮ್ಮ ವೇಗದಲ್ಲಿ ಸಾಗಬಹುದಾದ ಬ್ರೆವೆಗಳನ್ನು ಆರಂಭಿಸಿತು. ನಮ್ಮ ದೇಶದಲ್ಲಿ ನಡೆಯುವ ಬ್ರೆವೆಗಳಿಗೆ ಮನ್ನಣೆ ನೀಡುವುದೂ ಅದೇ ಕ್ಲಬ್ಬು. ಆದ್ದರಿಂದ ನೀವು ಹೆಸರು ಕೊಟ್ಟಿರುವುದು ನೂರು ಜನ ಒಟ್ಟಿಗೆ ಹೊರಟರೂ ಲೆಕ್ಕದಲ್ಲಿ ಒಬ್ಬೊಬ್ಬರೇ ಆಗಿರುವ ಸವಾರಿಗೆ. ಕಾರ್ಡಿನಲ್ಲಿ ಮುದ್ರೆ ಬೀಳುವುದು ನಿಮ್ಮ ಸಮಯಕ್ಕೇ ಹೊರತು ಗುಂಪಿನ ಸಮಯಕ್ಕಲ್ಲ.

ಈಗ ಲೆಕ್ಕವನ್ನು ನೋಡೋಣ. ಕಂಟ್ರೋಲುಗಳು ಮುಚ್ಚುವ ಸಮಯವನ್ನು ಗಂಟೆಗೆ 15 ಕಿ.ಮೀ. ವೇಗದ ಮೇಲೆ ನಿಗದಿ ಮಾಡಿರುತ್ತಾರೆ. ಸಂಜೆ 6ಕ್ಕೆ ಹೊರಟವರು 100 ಕಿ.ಮೀ.ಗೆ ರಾತ್ರಿ 12.40ರೊಳಗೆ, 150 ಕಿ.ಮೀ.ಗೆ ಬೆಳಗಿನ ಜಾವ 4ರೊಳಗೆ, 200 ಕಿ.ಮೀ.ಗೆ ಬೆಳಿಗ್ಗೆ 7.20ರೊಳಗೆ ತಲುಪಬೇಕು. ನೀವು ಚಲನೆಯಲ್ಲಿರುವಾಗ ಸರಾಸರಿ 20 ಕಿ.ಮೀ. ವೇಗ ಉಳಿಸಿಕೊಂಡರೆ ತುಳಿಯುವುದಕ್ಕೆ 15 ಗಂಟೆ ಸಾಕು, ನಿಲ್ಲುವುದಕ್ಕೆ ಐದು ಗಂಟೆ ಉಳಿಯುತ್ತದೆ. ಬಹುತೇಕರ ಸಮಯ ಸೋರಿಹೋಗುವುದು ಈ ಐದು ಗಂಟೆಯಲ್ಲಿ. ಆರೇಳು ಜನರ ಗುಂಪಿನಲ್ಲಿ ಒಬ್ಬರ ಟೀ ಮುಗಿಯುವಷ್ಟರಲ್ಲಿ ಇನ್ನೊಬ್ಬರು ಆಮ್ಲೆಟ್ ಹೇಳಿರುತ್ತಾರೆ, ಮತ್ತೊಬ್ಬರು ಚಾರ್ಜರ್ ಹುಡುಕುತ್ತಿರುತ್ತಾರೆ. ಹೀಗಾಗಿ ವೇಗದ ಗುಂಪು ರಸ್ತೆಯಲ್ಲಿ ಗಳಿಸಿದ್ದನ್ನು ಡಾಬಾದಲ್ಲಿ ಕಳೆಯುತ್ತದೆ, ಹದಿನೈದು ನಿಮಿಷಕ್ಕೆ ಎದ್ದು ಹೊರಡುವ ನಿಧಾನದ ಸವಾರ ಪ್ರತಿ ಕಂಟ್ರೋಲಿನಲ್ಲಿಯೂ ಅವರನ್ನು ಮತ್ತೆ ಕಾಣುತ್ತಾನೆ.

ಈ ದಾರಿಯ ಒಂದು ಗುಟ್ಟನ್ನು ಹೊಸಬರು ಗಮನಿಸುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಹಿರಿಯೂರು 600 ಮೀಟರಿನ ಆಸುಪಾಸಿನಲ್ಲಿದೆ. ಹೋಗುವಾಗ ಇಡೀ ದಾರಿ ಒಟ್ಟಾರೆ ಇಳಿಮುಖ, ಮೈ ಹಗುರ, ಗುಂಪಿನ ಉತ್ಸಾಹ ಬೇರೆ. ಆಗ ಅವರ ಹಿಂದೆ ಓಡುವುದು ಸುಲಭವೆನಿಸುತ್ತದೆ. ಆ 300 ಮೀಟರನ್ನು ಮರಳಿ ಹತ್ತಬೇಕಾಗುವುದು ನಿದ್ದೆಗೆಟ್ಟ ಮರುದಿನ, ಏರುವ ಬಿಸಿಲಿನಲ್ಲಿ. ಚಳಿಗಾಲದಲ್ಲಿ ಗಾಳಿ ಹೆಚ್ಚಾಗಿ ಪೂರ್ವದ ಕಡೆಯಿಂದ ಬೀಸುವುದರಿಂದ, ಬೆಂಗಳೂರಿನತ್ತ ಬರುವಾಗ ಹೊತ್ತು ಏರಿದಂತೆಲ್ಲ ಅದೂ ಎದುರಾಗುತ್ತದೆ. ಆದ್ದರಿಂದ ಶಿರಾವರೆಗೆ ನಿಮ್ಮ ವೇಗ ನಿಮ್ಮ ಕೈಯಲ್ಲೇ ಇರಲಿ. ಹೇಗೂ ಬೆಳಿಗ್ಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಹೊತ್ತಿಗೆ ಅವರೆಲ್ಲ ನಿಮಗೆ ಸಿಗುತ್ತಾರೆ.

ಸಾಲುಸವಾರ

ಹಳೇಚೈನು ಅವರ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಅವರ ತೀರ್ಮಾನವನ್ನು ಪೂರ್ತಿ ಒಪ್ಪಲಾರೆ. ಶಿರಾದಿಂದ ಹಿರಿಯೂರಿನವರೆಗಿನ ದಾರಿಯಲ್ಲಿ ರಾತ್ರಿ ಎರಡು ಗಂಟೆಗೆ ಪಂಕ್ಚರ್ ಆಗಿ ಒಬ್ಬರೇ ನಿಲ್ಲುವುದು ಬೇರೆ, ಲೈಟು ಹಿಡಿಯಲು ಜೊತೆಗೊಬ್ಬರು ಇರುವುದು ಬೇರೆ. ಅದರಲ್ಲಿಯೂ ಹೆಣ್ಣುಮಕ್ಕಳಿಗೆ "ನಿಮ್ಮ ಪಾಡಿಗೆ ನೀವು ಬನ್ನಿ" ಎಂದು ಹೇಳುವಾಗ ರಸ್ತೆಯ ವಾಸ್ತವವನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಹಿಂದಿನಿಂದ ಬರುವ ಲಾರಿ ಚಾಲಕನಿಗೆ ಒಂದೇ ಕೆಂಪು ದೀಪಕ್ಕಿಂತ ಮೂರು ನಾಲ್ಕು ದೀಪಗಳ ಸಾಲು ಬೇಗ ಕಣ್ಣಿಗೆ ಬೀಳುತ್ತದೆ ಎಂಬುದೂ ನಿಜ.

ನನ್ನ ಸಲಹೆ ಆರು ಜನರ ಗುಂಪಿನ ಬದಲು ಒಬ್ಬರೇ ಜೊತೆಗಾರರನ್ನು ಹುಡುಕಿಕೊಳ್ಳುವುದು. ಹೊರಡುವ ಜಾಗದಲ್ಲಿಯೇ, ಇಲ್ಲವೇ ಮೊದಲ ಐವತ್ತು ಕಿ.ಮೀ.ಗಳಲ್ಲಿ, ನಿಮ್ಮದೇ ವೇಗದವರು ಖಂಡಿತ ಕಾಣಸಿಗುತ್ತಾರೆ. ಎಲ್ಲ ಬ್ರೆವೆಗಳಲ್ಲಿಯೂ ಕಾಲಮಿತಿಯ ಅಂಚಿನಲ್ಲಿ ಸಾಗುವವರೇ ಬಹಳ. ಅವರೊಡನೆ ಮೊದಲೇ ಮಾತಾಡಿಕೊಳ್ಳಿ: ಕತ್ತಲಿರುವಷ್ಟು ಹೊತ್ತು ಒಬ್ಬರ ದೀಪ ಇನ್ನೊಬ್ಬರಿಗೆ ಕಾಣುವಷ್ಟು ದೂರದಲ್ಲಿರುವುದು, ಬೆಳಕು ಹರಿದ ಮೇಲೆ ಯಾರ ಮೇಲೂ ಹೊಣೆಯಿಲ್ಲ. "ಬಿಟ್ಟು ಹೋಗುವುದಿಲ್ಲ" ಎಂಬ ಮಾತನ್ನು ಆರು ಜನ ಒಟ್ಟಾಗಿ ಕೊಟ್ಟರೆ ಅದನ್ನು ನಡೆಸಿಕೊಡಬೇಕಾದವರು ಯಾರು ಎಂಬುದೇ ತಿಳಿಯದಂತಾಗುತ್ತದೆ. ಒಬ್ಬರು ಕೊಟ್ಟ ಮಾತಿಗೆ ಹೆಚ್ಚು ತೂಕವಿದೆ.

ಇನ್ನು ಚಕ್ರಕ್ಕೆ ಚಕ್ರ ಹತ್ತಿಸಿ ಹಿಂಬಾಲಿಸುವ ಅಭ್ಯಾಸದ ಬಗ್ಗೆ ಒಂದು ಮಾತು. ಮುಂದಿನವರ ಮರೆಯಲ್ಲಿ ತುಳಿದರೆ ಗಾಳಿಯ ತಡೆ ಕಡಿಮೆಯಾಗಿ ಶಕ್ತಿ ಉಳಿಯುತ್ತದೆ, ಹಗಲಿನಲ್ಲಿ ಅದನ್ನು ಧಾರಾಳವಾಗಿ ಬಳಸಿಕೊಳ್ಳಿ. ರಾತ್ರಿ ಮಾತ್ರ ಮುಂದಿನವರ ಮೈಯೇ ನಿಮ್ಮ ದೀಪಕ್ಕೆ ಅಡ್ಡವಾಗಿ, ಗುಂಡಿಯಾಗಲಿ, ಸರ್ವೀಸ್ ರಸ್ತೆಯಿಂದ ಹರಿದುಬಂದ ಮರಳಾಗಲಿ, ಎಡಬದಿಯಲ್ಲಿ ಹಿಂದಿನ ದೀಪವಿಲ್ಲದೆ ನಿಂತ ಲಾರಿಯಾಗಲಿ ಕಡೆಯ ಕ್ಷಣದವರೆಗೂ ಕಾಣುವುದಿಲ್ಲ. ಕನಿಷ್ಠ ಎರಡು ಮೂರು ಸೈಕಲ್ ಉದ್ದದ ಅಂತರವಿರಲಿ, ಮುಂದಿರುವವರು "ಗುಂಡಿ", "ಲಾರಿ" ಎಂದು ಕೂಗಿ ಹೇಳುವ ರೂಢಿ ಇರಲಿ. ಹೆದ್ದಾರಿಯ ಅಂಚಿನಲ್ಲಿ ಲಾರಿ ಟೈರು ಸಿಡಿದು ಚೆಲ್ಲಿದ ಸಣ್ಣ ಉಕ್ಕಿನ ತಂತಿಗಳೇ ಇಲ್ಲಿನ ಹೆಚ್ಚಿನ ಪಂಕ್ಚರುಗಳಿಗೆ ಕಾರಣ. ಟ್ಯೂಬ್ ಬದಲಿಸುವ ಮೊದಲು ಟೈರಿನ ಒಳಮೈಯನ್ನು ಬೆರಳಿನಿಂದ ಮೆಲ್ಲಗೆ ತಡವಿ ಆ ತಂತಿಯನ್ನು ಕಿತ್ತು ತೆಗೆಯದಿದ್ದರೆ ಹೊಸ ಟ್ಯೂಬೂ ಹತ್ತು ನಿಮಿಷದಲ್ಲಿ ಕೂರುತ್ತದೆ. ಶೌಚಕ್ಕೆ ಟೋಲ್ ಪ್ಲಾಜಾ ಮತ್ತು ದೊಡ್ಡ ಪೆಟ್ರೋಲ್ ಬಂಕುಗಳನ್ನು ಮೊದಲೇ ನಕ್ಷೆಯಲ್ಲಿ ಗುರುತು ಮಾಡಿಕೊಳ್ಳುವುದು ಒಳ್ಳೆಯದು.

ಇರುಳುಪಾಳಿ

ವೃತ್ತಿಯಿಂದ ವೈದ್ಯನಾದ್ದರಿಂದ ನಿದ್ದೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಇಲ್ಲಿ ಎಲ್ಲರೂ ಬೆಳಗಿನ ಜಾವದ ಬಗ್ಗೆ ಯೋಚಿಸುತ್ತಾರೆ. ನಾನು ಶನಿವಾರದ ಮಧ್ಯಾಹ್ನದ ಬಗ್ಗೆ ಯೋಚಿಸಿ ಎನ್ನುತ್ತೇನೆ. ಸತತವಾಗಿ 17 ಗಂಟೆ ಎಚ್ಚರವಿದ್ದವರ ಗಮನ ಮತ್ತು ಪ್ರತಿಕ್ರಿಯೆ, ರಕ್ತದಲ್ಲಿ 0.05 ಶೇಕಡಾ ಮದ್ಯಾಂಶ ಇರುವವರಷ್ಟೇ ಕುಂದಿರುತ್ತದೆ ಎಂಬುದು 1997ರಿಂದಲೂ ತಿಳಿದಿರುವ ಸಂಗತಿ. ನಮ್ಮ ಮೋಟಾರು ವಾಹನ ಕಾಯ್ದೆ ಚಾಲಕನಿಗೆ ಹಾಕಿರುವ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ 0.03 ಶೇಕಡಾ. ಶನಿವಾರ ಬೆಳಿಗ್ಗೆ 6ಕ್ಕೆ ಎದ್ದು, ಮನೆಗೆಲಸ ಮುಗಿಸಿ, ಗುಬ್ಬಿಯಿಂದ ಬೆಂಗಳೂರಿಗೆ ಪ್ರಯಾಣ ಮಾಡಿ ಸಂಜೆ ಸೈಕಲ್ ಹತ್ತಿದರೆ ನಿಮಗೆ ರಾತ್ರಿ 11ಕ್ಕೇ 17 ಗಂಟೆ ತುಂಬುತ್ತದೆ, ಆಗ ನೀವಿನ್ನೂ ಅರ್ಧ ದಾರಿಯನ್ನೂ ದಾಟಿರುವುದಿಲ್ಲ. ಆದ್ದರಿಂದ ವಾರದ ಕೊನೆಯ ಮೂರು ನಾಲ್ಕು ರಾತ್ರಿ ಎಂದಿಗಿಂತ ಹೆಚ್ಚು ನಿದ್ದೆ ಮಾಡಿ, ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಒಂದೂವರೆ ಎರಡು ಗಂಟೆ ಕೋಣೆ ಕತ್ತಲು ಮಾಡಿಕೊಂಡು ಮಲಗಿ. ನಿದ್ದೆ ಬಾರದಿದ್ದರೂ ಮಲಗಿರಿ.

ಮೈಯ ಉಷ್ಣತೆ ಮತ್ತು ಎಚ್ಚರ ಎರಡೂ ಅತ್ಯಂತ ತಗ್ಗಿರುವ ಸಮಯ ಸಾಮಾನ್ಯವಾಗಿ ನಾವು ಏಳುವ ಹೊತ್ತಿಗೆ ಎರಡು ಮೂರು ಗಂಟೆ ಮೊದಲು. ನಿಮ್ಮ ಸವಾರಿಯಲ್ಲಿ ಅದು ತಿರುಗುವ ಕಂಟ್ರೋಲ್ ಮುಚ್ಚುವ ಸಮಯಕ್ಕೇ ಸರಿಯಾಗಿ ಬರುತ್ತದೆ, ಹಾಗಾಗಿ ಅಲ್ಲಿಗೆ ಕೊಂಚ ಮುಂಚೆ ತಲುಪುವ ಲೆಕ್ಕ ಇಟ್ಟುಕೊಳ್ಳಿ. ಅಲ್ಲಿ ಒಂದು ಲೋಟ ಸ್ಟ್ರಾಂಗ್ ಕಾಫಿ ಕುಡಿದು, ಕೂಡಲೇ ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟು ಒರಗಿಕೊಳ್ಳಿ. ಕಾಫಿಯ ಪರಿಣಾಮ ಕಾಣಿಸಿಕೊಳ್ಳಲು ಅರ್ಧ ಗಂಟೆಯಷ್ಟು ಹಿಡಿಯುವುದರಿಂದ ಕಣ್ಣು ಬಿಡುವ ಹೊತ್ತಿಗೆ ಎರಡೂ ಕೂಡಿಬರುತ್ತವೆ. ಮುಕ್ಕಾಲು ಗಂಟೆಗೂ ಮೀರಿ ಮಲಗಿದರೆ ಗಾಢ ನಿದ್ದೆಯ ನಡುವೆ ಎದ್ದು, ಬಹಳ ಹೊತ್ತು ಮಂಪರಿನಲ್ಲಿಯೇ ಇರಬೇಕಾಗುತ್ತದೆ. ಸಂಜೆಯಿಂದಲೇ ಡಾಬಾ ಕಂಡಲ್ಲೆಲ್ಲ ಟೀ ಕುಡಿದವರಿಗೆ ಈ ಉಪಾಯ ಅಷ್ಟಾಗಿ ಫಲ ಕೊಡುವುದಿಲ್ಲ.

ತುಳಿಯುತ್ತಲೇ ಕಣ್ಣು ಎಳೆಯತೊಡಗಿದರೆ, ದಾರಿಯ ಹಿಂದಿನ ಐದು ನಿಮಿಷ ನೆನಪಿಗೆ ಬಾರದಿದ್ದರೆ, ಅಥವಾ ಬಿಳಿ ಪಟ್ಟಿಯ ಮೇಲೆ ಸೈಕಲ್ ತಾನಾಗಿ ಅತ್ತಿತ್ತ ಹೋಗುತ್ತಿದ್ದರೆ, ಮುಂದಿನ ಕಂಟ್ರೋಲಿನವರೆಗೆ ತಡೆದುಕೊಳ್ಳುವ ಯೋಚನೆ ಬೇಡ. ಬೆಳಕಿರುವ ಮೊದಲ ಬಂಕಿನಲ್ಲಿ ನಿಲ್ಲಿ. ಹಾಡು ಹೇಳುವುದು, ಮುಖಕ್ಕೆ ನೀರು ಎರಚಿಕೊಳ್ಳುವುದು ಕೆಲವು ನಿಮಿಷ ಮಾತ್ರ ಸಹಾಯ ಮಾಡುತ್ತವೆ.

ಊಟದ ವಿಷಯದಲ್ಲಿ ಸರಳವಾಗಿರಿ. ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ಬೇಕು. ಒಂದು ಬಾಳೆಹಣ್ಣಿನಲ್ಲಿ 25 ಗ್ರಾಂನಷ್ಟು ಸಿಗುತ್ತದೆ, ಜೊತೆಗೆ ಕಡಲೆ ಚಿಕ್ಕಿ, ರಾತ್ರಿಗೆ ಸ್ವಲ್ಪ ಮೊಸರನ್ನ ಇದ್ದರೆ ಸಾಕು. ಡಾಬಾದ ಎಣ್ಣೆಯ ಪರೋಟ ಹೊಟ್ಟೆಯಲ್ಲಿಯೇ ಕುಳಿತು ನಿದ್ದೆಯನ್ನು ಕರೆಯುತ್ತದೆ. ಡಿಸೆಂಬರಿನ ರಾತ್ರಿ ಬಾಯಾರಿಕೆ ಅಷ್ಟಾಗಿ ಕಾಣಿಸದಿದ್ದರೂ ಸ್ವಲ್ಪ ಸ್ವಲ್ಪ ಕುಡಿಯುತ್ತಿರಿ. ಓಆರ್‌ಎಸ್ ಬಳಸುವುದಾದರೆ ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಬೆರೆಸಬೇಕು; ಸಣ್ಣ ಬಾಟಲಿಗೆ ಇಡೀ ಪೊಟ್ಟಣ ಸುರಿಯುವುದು ತಪ್ಪು.

ಹ್ಯಾಕ್ನಿಕನ್ನಡಿಗ

ಲಂಡನ್ನಿನಲ್ಲಿರುವುದರಿಂದ ಬೇರೆ ಬಗೆಯ ರಾತ್ರಿ ಸವಾರಿಯ ಅನುಭವ ನನ್ನದು. ಇಲ್ಲಿ ಜುಲೈ ತಿಂಗಳಲ್ಲಿ, ಹುಣ್ಣಿಮೆಗೆ ಹತ್ತಿರದ ಶನಿವಾರ ರಾತ್ರಿ, ಹ್ಯಾಕ್ನಿಯ ಲಂಡನ್ ಫೀಲ್ಡ್ಸ್ ಉದ್ಯಾನದಿಂದ ಸಫೋಕ್ ಕರಾವಳಿಯ ಡನಿಚ್ ಎಂಬ ಹಳ್ಳಿಯವರೆಗೆ ಸುಮಾರು 180 ಕಿ.ಮೀ. ದೂರದ ಡನಿಚ್ ಡೈನಮೊ ನಡೆಯುತ್ತದೆ. 1990ರ ದಶಕದ ಆರಂಭದಲ್ಲಿ ಶುರುವಾದ ಈ ಸವಾರಿಗೆ ಕಾರ್ಡು, ಮುದ್ರೆ, ಕಾಲಮಿತಿ ಯಾವುದೂ ಇಲ್ಲ. ಮುಂದಿರುವ ಕೆಂಪು ದೀಪಗಳ ಸಾಲನ್ನು ನೋಡಿಕೊಂಡೇ ಜನ ಹಳ್ಳಿದಾರಿಗಳಲ್ಲಿ ಸಾಗುತ್ತಾರೆ, ಮುಂದಿನವರು ದಾರಿ ತಪ್ಪಿದರೆ ಹಿಂದಿನವರೂ ತಪ್ಪುತ್ತಾರೆ.

ಇದನ್ನು ಹೇಳಲು ಕಾರಣ ದೀಪ. ಇಲ್ಲಿ ಜುಲೈನಲ್ಲಿ ಸೂರ್ಯ ರಾತ್ರಿ 9ರ ನಂತರ ಮುಳುಗಿ ಬೆಳಿಗ್ಗೆ 5ಕ್ಕೇ ಹುಟ್ಟುತ್ತಾನೆ, ಸಾಧಾರಣ ದೀಪವೂ ಸಾಕಾಗುತ್ತದೆ. ಡಿಸೆಂಬರಿನ ಬೆಂಗಳೂರಿನಲ್ಲಿ 6ರ ಸುಮಾರಿಗೆ ಸಂಜೆಯಾದರೆ ಬೆಳಿಗ್ಗೆ ಆರೂವರೆಯ ನಂತರವೇ ಸೂರ್ಯೋದಯ. ನಿಮಗೆ ಹನ್ನೆರಡು ಗಂಟೆಗೂ ಮಿಕ್ಕಿದ ಕತ್ತಲಿರುವಾಗ, ಪೂರ್ತಿ ಪ್ರಕಾಶದಲ್ಲಿ ಎರಡೇ ಗಂಟೆ ಉರಿಯುವ ದೀಪವನ್ನು ನಂಬಿಕೊಂಡು ಹೊರಡುವಂತಿಲ್ಲ. ಮಧ್ಯಮ ಪ್ರಕಾಶದಲ್ಲಿ ಎಷ್ಟು ಹೊತ್ತು ಉರಿಯುತ್ತದೆಂದು ಮನೆಯಲ್ಲಿಯೇ ಹಚ್ಚಿಟ್ಟು ಪರೀಕ್ಷಿಸಿ, ಮುಂದೆ ಎರಡು, ಹಿಂದೆ ಎರಡು ದೀಪ ಕಟ್ಟಿಕೊಳ್ಳಿ. ಗುಂಪಿನಲ್ಲಿರುವಾಗ ಹಿಂದಿನ ದೀಪ ಮಿನುಗದೆ ಒಂದೇ ಸಮ ಉರಿಯುತ್ತಿರಲಿ. ಮಿನುಗುವ ದೀಪದ ಹಿಂದೆ ಗಂಟೆಗಟ್ಟಲೆ ತುಳಿಯುವವರ ಕಷ್ಟ ತುಳಿದವರಿಗೇ ಗೊತ್ತು. ಪ್ರತಿಫಲಿಸುವ ಜಾಕೆಟ್ ನಿಮ್ಮಲ್ಲಿ ಹೇಗೂ ಕಡ್ಡಾಯ. ಅದರ ಮೇಲೆ ಬೆನ್ನುಚೀಲ ಹಾಕಿಕೊಂಡರೆ ಹಾಕಿದ್ದೂ ವ್ಯರ್ಥ.

ಗುಬ್ಬಿಪೆಡಲ್

ಎಲ್ಲರಿಗೂ ಧನ್ಯವಾದಗಳು. ಆರು ಜನರ ಗುಂಪಿಗೆ ವಿನಯದಿಂದಲೇ ಬೇಡವೆಂದು ಹೇಳಿದ್ದೇನೆ. ನನ್ನಷ್ಟೇ ವೇಗದ, ದಾಬಸ್‌ಪೇಟೆಯ ಶಿಕ್ಷಕಿಯೊಬ್ಬರು ಇದೇ ಸವಾರಿಗೆ ಹೆಸರು ಕೊಟ್ಟಿರುವುದು ತಿಳಿದು, ಕತ್ತಲಿರುವವರೆಗೆ ಜೊತೆಗಿರುವುದೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ. ಯಜಮಾನರು ತಿರುಗುವ ಕಂಟ್ರೋಲಿಗೆ ಬರುವ ಯೋಚನೆಯಲ್ಲಿದ್ದಾರೆ. ಸವಾರಿ ಮುಗಿದ ಮೇಲೆ ನನ್ನನ್ನೂ ಸೈಕಲನ್ನೂ ಕಾರಿನಲ್ಲಿ ಗುಬ್ಬಿಗೆ ಕರೆದೊಯ್ಯುವವರೂ ಅವರೇ.

ಇರುಳುಪಾಳಿ

ಹಾಗಾದರೆ ಅವರು ತಿರುಗುವ ಕಂಟ್ರೋಲಿಗೆ ಬರುವುದು ಬೇಡ. ರಾತ್ರಿಯಿಡೀ ಎಚ್ಚರವಿದ್ದು ಭಾನುವಾರ ಮಧ್ಯಾಹ್ನ ಕಾರು ಓಡಿಸುವವರಿಗೂ ಮೇಲೆ ಹೇಳಿದ 17 ಗಂಟೆಯ ಲೆಕ್ಕವೇ ಅನ್ವಯಿಸುತ್ತದೆ. ಮನೆಯಲ್ಲಿ ಚೆನ್ನಾಗಿ ಮಲಗಿ ಎದ್ದು, ತಿಂಡಿ ಮುಗಿಸಿ, ಭಾನುವಾರ ಬೆಳಿಗ್ಗೆ ನೇರವಾಗಿ ಕೊನೆಯ ಸ್ಥಳಕ್ಕೆ ಬರಲಿ.