ಟೆಂಟಿನಲ್ಲಿ ಮಲಗುವ ಹುಡುಗನಿಗೆ ಏನು ಮಾಡಬಹುದು? ಡಬ್ಲಿನ್‌ನಲ್ಲಿರುವವರು ಹೇಳಿ

ನಮ್ಮ ಭಾನುವಾರದ ಕ್ರಿಕೆಟ್‌ಗೆ ಒಬ್ಬ ಆಫ್ಘನ್ ಹುಡುಗ ಬರ್ತಾನೆ. ಒಳ್ಳೇ ಎಡಗೈ ಸ್ಪಿನ್ನರ್. ಆಶ್ರಯಕ್ಕೆ ಅರ್ಜಿ ಹಾಕಿದಾನೆ, ಒಂಟಿ ಗಂಡಸರಿಗೆ ಸದ್ಯ ವಸತಿ ಇಲ್ಲ ಅಂತ ಹೇಳಿ ಕಳಿಸಿದಾರೆ. ಟೆಂಟಿನಲ್ಲಿದಾನೆ ಅಂತ ಮೊನ್ನೆ ಗೊತ್ತಾಯ್ತು. ಇಂಥ ಕಚೇರಿಗಳ ವ್ಯವಹಾರ ಗೊತ್ತಿರೋರು ದಯವಿಟ್ಟು ತಿಳಿಸಿ.

ಡಬ್ಲಿನ್ನಿನ ಟಾಲಾದಿಂದ, ನರ್ಸ್: ಮೊದಲು ಪವರ್ ಬ್ಯಾಂಕ್ ಕೊಡಿಸಿ, ಜಾಕೆಟ್ ಆಮೇಲೆ. ಜಾಗ ಖಾಲಿಯಾದರೆ ತಿಳಿಸೋದು ಇಮೇಲ್‌ನಲ್ಲಿ. ನನಗೆ ಪರಿಚಯ ಇದ್ದ ಸೂಡಾನಿನ ಒಬ್ಬರ ಫೋನು ಮಳೆಯಲ್ಲಿ ಎರಡು ದಿನ ಆಫ್ ಆಗಿತ್ತು. ಮೂರನೇ ದಿನ ಚಾರ್ಜ್ ಮಾಡಿ ನೋಡಿದರೆ ಮೇಲ್ ಬಂದು ಕೂತಿತ್ತು. ಇನ್ನೊಂದು, ಕಾಲುಚೀಲ. ಅವರ ಬೆರಳ ಸಂದಿನ ಚರ್ಮ ಬೆಳ್ಳಗೆ ಬೆಂದ ಹಾಗಾಗಿತ್ತು. ನಾಲ್ಕು ಜೊತೆ ಕೊಡಿ, ಒದ್ದೆಯಾದದ್ದನ್ನು ನೀವು ಒಗೆಸಿಕೊಡಿ. ಊಟಕ್ಕೆ ಬೋ ಸ್ಟ್ರೀಟಿನಲ್ಲಿ ಕಪುಚಿನ್ ಪಾದ್ರಿಗಳ ಸೆಂಟರ್ ಇದೆ, ಯಾರು ಏನು ಅಂತ ಕೇಳದೆ ಬಡಿಸ್ತಾರೆ.

ಹಳಬ: ಕಾಗದಪತ್ರದ ವಿಷಯ ನಾನು ಹೇಳ್ತೀನಿ. ಕೊಟ್ಟ ಕಾರ್ಡು, ಚೀಟಿ ಎಲ್ಲದರ ಫೋಟೋ ತೆಗೆದು ಅವನದೇ ಮೇಲ್‌ಗೆ ಹಾಕಿಸಿ. ಮೂಲಪ್ರತಿ ಝಿಪ್ ಕವರಿನಲ್ಲಿರಲಿ. ವಸತಿ ಸಿಗದವರಿಗೆ ವಾರದ ಭತ್ಯೆ 38.80 ಯೂರೊ ಅಲ್ಲ, 113.80 ಅಂತ 2023ರ ಕೊನೆಗೆ ಮಾಡಿದರು. ಅದು ಬರ್ತಿದೆಯಾ ಕೇಳಿ. ವಕೀಲರನ್ನು ಕೊಡೋ ಸರ್ಕಾರಿ ಸಂಸ್ಥೆ ಲೀಗಲ್ ಏಡ್ ಬೋರ್ಡಿನಲ್ಲಿ ಈಗಲೇ ಹೆಸರು ಬರೆಸಿ, ಆಶ್ರಯದ ಅರ್ಜಿಯ ಸಂದರ್ಶನದ ಹಿಂದಿನ ದಿನ ಓಡಬೇಡಿ. ಕೆಲಸದ ಅನುಮತಿಗೆ 5 ತಿಂಗಳಾದ ಮೇಲೆ ಅರ್ಜಿ ಹಾಕಬಹುದು. ಪಾಪ ಅಂತ ಅಲ್ಲಿವರೆಗೆ ಯಾವುದೋ ಹೋಟೆಲಿನಲ್ಲಿ ಕೈಗೆ ಕಾಸು ಕೊಡೋ ಕೆಲಸಕ್ಕೆ ನೀವೇ ಸೇರಿಸಿ ಸಿಕ್ಕಿಹಾಕಿಸಬೇಡಿ!

ಮುಖ್ಯವಾದದ್ದು: ಅವನ ಕಥೆಯನ್ನು ನೀವು ಚಂದ ಮಾಡಿ ಬರೆಯಬೇಡಿ. ಸಂದರ್ಶನದಲ್ಲಿ ಅವನು ಹೇಳೋದಕ್ಕೂ ನೀವು ಬರೆದದ್ದಕ್ಕೂ ತಾಳೆಯಾಗದಿದ್ದರೆ ಸುಳ್ಳುಗಾರ ಅಂತಾರೆ. ಆಫ್ಘನ್ ಅಂದ ಕೂಡಲೇ ಭಾಷೆ ಪಶ್ತೋ ಅಂತಲೂ ಬರೆಯಬೇಡಿ, ದರಿ ಮಾತಾಡೋರೂ ಇದಾರೆ.

ಇನ್ನೊಬ್ಬರು: ಇಲ್ಲಿರೋ ಅನುಮತಿಯ ಕಾರ್ಡಿಗೆ ನಾವೂ ರಾತ್ರಿಯಿಡೀ ಕ್ಯೂ ನಿಂತಿದ್ದೇವೆ ಸ್ವಾಮಿ, ತೆರಿಗೆ ಕಟ್ಟಿಕೊಂಡು. ನಮಗೆ ಯಾರು ಕಾಲುಚೀಲ ಕೊಟ್ಟರು?

ಹಳಬ: ನಿಂತಿದ್ದೆ ನಾನೂ, ಬೆಳಗಿನ ಜಾವ ಮೂರಕ್ಕೆ ಹೋಗಿ. ಕೆಲಸ ಮುಗಿಸಿ ಮನೆಗೆ ಬಂದು ಅನ್ನ ಸಾರು ಉಂಡು ಮಲಗಿದೆ. ಇವರಿಗೆ ಆ ಮನೆಯೇ ಇಲ್ಲ. 2024ರ ಮೇ 1ರ ಬೆಳಿಗ್ಗೆ ಮೌಂಟ್ ಸ್ಟ್ರೀಟಿನಲ್ಲಿ ಆಶ್ರಯದ ಅರ್ಜಿ ತಗೊಳ್ಳೋ ಕಚೇರಿ ಸುತ್ತ ಇದ್ದ ಸುಮಾರು 200 ಟೆಂಟು ಎತ್ತಿಸಿ ಜನರನ್ನು ಬಸ್ ಹತ್ತಿಸಿದರು. ವಾರದೊಳಗೆ ಗ್ರ್ಯಾಂಡ್ ಕೆನಾಲ್ ದಂಡೆಯಲ್ಲಿ ಹೊಸ ಟೆಂಟು. ಆಮೇಲೆ ದಂಡೆಗೇ ಬೇಲಿ. ಆ ಕಡೆ ಆಫೀಸಿಗೆ ನಡೆದು ಹೋಗೋ ನಮ್ಮವರೆಲ್ಲ ನೋಡಿದ್ದೇ.

ಇನ್ನು, ಇದು ಬೇರೆಯವರ ಪಾಡು ಅಂದುಕೊಳ್ಳಬೇಡಿ. ಜಾಗ ತುಂಬಿದೆ ಅನ್ನೋ ನೆಪದಿಂದ ಸರ್ಕಾರ ಕೈ ತೊಳೆದುಕೊಳ್ಳೋ ಹಾಗಿಲ್ಲ ಅಂತ ಐರೋಪ್ಯ ನ್ಯಾಯಾಲಯ 2025ರ ಆಗಸ್ಟ್ 1ಕ್ಕೆ ಹೇಳಿತಲ್ಲ, ಆ ಮೊಕದ್ದಮೆ ಐರ್ಲೆಂಡಿನದೇ. ಹೂಡಿದವರು ಇಬ್ಬರು. ಒಬ್ಬ ಆಫ್ಘನ್, ಇನ್ನೊಬ್ಬ ಭಾರತದವನು. ಇಬ್ಬರಿಗೂ ಮೊದಲಿಗೆ ಸಿಕ್ಕಿದ್ದು ತಲಾ 25 ಯೂರೊ ವೋಚರ್, ಅಷ್ಟೇ.

ಪ್ರಶ್ನೆ ಕೇಳಿದವರು: ಪವರ್ ಬ್ಯಾಂಕ್, ಕಾಲುಚೀಲ, ಕವರ್ ಕೊಟ್ಟೆ. ಥ್ಯಾಂಕ್ಸ್ ಅಕ್ಕ. ಭಾಷೆ ಕೇಳಿದೆ, ದರಿಯಂತೆ. ಆದರೆ ಫಾರ್ಮಿನಲ್ಲಿ ಪಶ್ತೋ ಅಂತ ಇದೆ, ಕ್ಯೂನಲ್ಲಿ ಯಾರೋ ತುಂಬಿಸಿಕೊಟ್ಟಿದ್ದಂತೆ. ಇದನ್ನ ತಿದ್ದಿಸೋದು ಹೇಗೆ ಸರ್?

ಹಳಬ: ಇವತ್ತೇ ಮೇಲ್ ಮಾಡಿಸಿ. ಅವನ ವಿಳಾಸದಿಂದಲೇ ಹೋಗಲಿ, ಅರ್ಜಿಯ ನಂಬರ್ ಇರಲಿ, ವಕೀಲರಿಗೂ ಒಂದು ಪ್ರತಿ. ಸಂದರ್ಶನದ ದಿನ ದುಭಾಷಿ ಪಶ್ತೋದಲ್ಲಿ ಶುರು ಮಾಡಿದರೆ ‘ಅರ್ಥವಾಗ್ತಿಲ್ಲ’ ಅಂತ ಅಲ್ಲೇ ಹೇಳಬೇಕು. ತಲೆ ಆಡಿಸಬಾರದು. ಇದನ್ನು ಅವನಿಗೆ ಎರಡು ಸಲ ಹೇಳಿ.