ಅಮ್ಮಂದಿರು-ಪುಟ್ಟ ಮಕ್ಕಳ ಚಿತ್ರಪುಸ್ತಕ ಕ್ಲಬ್: ಎರಡನೇ ಸಲಕ್ಕೇ ಸುಸ್ತಾಗಿದೀನಿ, ಥೀಮ್ ಹೇಗೆ ಆರಿಸ್ತೀರಾ?

ನಿದ್ದೆಗೆಟ್ಟ ಅಮ್ಮ:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ತಿಂಗಳಿಗೊಂದು ಸಲ ನಮ್ಮನೆ ಹಾಲ್‌ನಲ್ಲೇ ಅಮ್ಮಂದಿರಿಗೂ ಚಿಕ್ಕ ಮಕ್ಕಳಿಗೂ ಅಂತ ಚಿತ್ರಪುಸ್ತಕ ಕ್ಲಬ್ ಶುರು ಮಾಡಿದೀನಿ, ಪ್ರತಿ ಸಲ ಒಂದು ಥೀಮ್. 8 ಜನ ಅಮ್ಮಂದಿರು, 9 ಮಕ್ಕಳು, ಎಲ್ಲಕ್ಕಿಂತ ಚಿಕ್ಕದು 15 ತಿಂಗಳಿನದು, ದೊಡ್ಡವನಿಗೆ ಈಗಷ್ಟೇ 5 ತುಂಬಿದೆ. ಮೊದಲನೇ ಸಲ ಪ್ರಾಣಿಗಳು ಅಂತ ಮಾಡಿದ್ದೆ, ಹೊಸದಲ್ವಾ, ಹೇಗೋ ನಡೀತು.

ಮೊನ್ನೆ ಎರಡನೇದು, ಥೀಮ್ ಮಳೆ. ಹಿಂದಿನ ರಾತ್ರಿ 1 ಗಂಟೆವರೆಗೂ ಕೂತು ರಟ್ಟಿಗೆ ಹತ್ತಿ ಅಂಟಿಸಿ ಮೋಡ ಮಾಡಿ ದಾರದಲ್ಲಿ ನೇತು ಹಾಕಿದ್ದೆ, ಬಣ್ಣದ ಕಾಗದದ ಕೊಡೆ, ನೆಲಕ್ಕೆ ನೀಲಿ ಬೆಡ್‌ಶೀಟ್, ಮಳೆ ಬಗ್ಗೆ ಇರೋ 5 ಪುಸ್ತಕ ಸಾಲಾಗಿ ಜೋಡಿಸಿ ಇಟ್ಟಿದ್ದೆ. ಎರಡನೇ ಪುಸ್ತಕದ ನಾಲ್ಕನೇ ಪುಟಕ್ಕೆ ಬರೋಷ್ಟರಲ್ಲಿ ಕಪ್ಪೆ ಹಿಡಿದು ತಕ್ಕಡಿಗೆ ಹಾಕ್ದಂಗೆ ಆಯ್ತು ನೋಡಿ, ಒಂದನ್ನ ಕೂರಿಸಿದ್ರೆ ಎರಡು ಎದ್ದು ಓಡ್ತವೆ. ಇಬ್ರು ಮೋಡ ಕಿತ್ರು, ಚಿಕ್ಕದು ಹತ್ತಿ ಬಾಯಿಗೆ ಹಾಕ್ಕೊಂಡ್ತು. ಅಮ್ಮಂದಿರಲ್ಲಿ ಅರ್ಧ ಜನ ಶ್ ಶ್ ಅಂತ ಮಕ್ಕಳನ್ನ ಎಳೆದು ಕೂರಿಸೋದು, ಇನ್ನರ್ಧ ಫೋನ್. ಎಲ್ಲಕ್ಕಿಂತ ಮೇಲೆ ನನ್ನ 3 ವರ್ಷದ ಮಗಳೇ ನನ್ನ ಕೈಯಿಂದ ಪುಸ್ತಕ ಕಿತ್ಕೊಂಡು 'ಇದು ನಂದು, ಅಮ್ಮಾನೂ ನಂದು' ಅಂತ ಎಲ್ರ ಮುಂದೆ ರಂಪ. ಎಲ್ರೂ ಹೋದ್ಮೇಲೆ ಹತ್ತಿ ಗುಡಿಸ್ತಾ ಅಳು ಬಂದ್ಬಿಡ್ತು.

ಈಗ ಮೂರನೇದಕ್ಕೆ ಬಣ್ಣಗಳು ಅಂತ ಅಂದ್ಕೊಂಡಿದೀನಿ. ಇಷ್ಟು ವಯಸ್ಸಿನ ಅಂತರ ಇದ್ರೆ ಎಷ್ಟು ಪುಸ್ತಕ ಓದ್ಬೇಕು, ಅಮ್ಮಂದಿರಿಗೆ ಏನು ಕೆಲಸ ಕೊಡೋದು, 15 ತಿಂಗಳಿನ ಮಗುಗೆ ಇದ್ರಿಂದ ಏನಾದ್ರೂ ಉಪಯೋಗ ಇದ್ಯಾ ಅಥವಾ 3 ವರ್ಷ ಮೇಲ್ಪಟ್ಟೋರು ಮಾತ್ರ ಬನ್ನಿ ಅನ್ಲಾ? ಮಾಡಿ ಅನುಭವ ಇರೋರು ಹೇಳಿ ಪ್ಲೀಸ್.

ಚಾಪೆ ಹಾಸಿದವಳು:

ಹತ್ತಿ ಮೋಡ ಓದಿ ನಗು ಬಂತು, ತಪ್ಪು ತಿಳ್ಕೋಬೇಡಿ, ನಾನೂ ಒಂದು ಕಾಲದಲ್ಲಿ ಥರ್ಮಾಕೋಲ್‌ನಲ್ಲಿ ಚಂದ್ರ ಕೆತ್ತಿದವಳೇ. 6 ವರ್ಷದಿಂದ ಈ ಥರ ಗುಂಪು ನಡೆಸ್ತಾ ಇದೀನಿ, ಈಗ ನನ್ನ ತಯಾರಿ ಅಂದ್ರೆ ಒಂದು ಚಾಪೆ, ಒಂದು ಗಂಟೆ (ಬಾರಿಸೋದು), 2 ಪುಸ್ತಕ, ಅಷ್ಟೇ.

ಬಣ್ಣಗಳು ಬೇಡ. ಪ್ರಾಣಿ, ಮಳೆ, ಬಣ್ಣ, ಹಣ್ಣು ಇವೆಲ್ಲ ನಾಮಪದ ಥೀಮ್‌ಗಳು. ಗೋಡೆ ಮೇಲೆ ಅಂಟಿಸೋಕೆ ಚೆನ್ನಾಗಿರುತ್ತೆ, ಆದ್ರೆ ಮಗು ಏನು ಮಾಡ್ಬೇಕು ಅಲ್ಲಿ? ಇದು ಯಾವ ಬಣ್ಣ ಅಂದ್ರೆ ಕೆಂಪು ಅನ್ನುತ್ತೆ, ಮುಗೀತು, ಮಾತು ಅಲ್ಲಿಗೇ ನಿಂತೋಯ್ತು. ನಾನು ಕ್ರಿಯಾಪದ ಹಿಡೀತೀನಿ. ಬಚ್ಚಿಟ್ಕೊಳ್ಳೋದು. ಕಾಯೋದು. ಬೇಡ ಅನ್ನೋದು. ಕಳೆದುಕೊಳ್ಳೋದು. ಜಗಳ ಆಡಿ ಮತ್ತೆ ಸೇರೋದು. ಬಚ್ಚಿಟ್ಕೊಳ್ಳೋದು ಅಂದ್ರೆ 15 ತಿಂಗಳಿನದು ಅಮ್ಮನ ಕೈಯಿಂದ ಮುಖ ಮುಚ್ಚಿ ತೆಗೆದ್ರೂ ಆಟದಲ್ಲಿ ಇದೆ, 5 ವರ್ಷದವನು ಯಾರು ಎಲ್ಲಿ ಯಾಕೆ ಅಡಗಿದಾರೆ ಅಂತ ಯೋಚನೆ ಮಾಡ್ತಾನೆ, ಎರಡೂ ಒಂದೇ ಥೀಮ್. ಇನ್ನೊಂದು ಲಾಭ, ಇಂಥ ವಿಷಯಕ್ಕೆ ಅಮ್ಮಂದಿರಿಗೂ ಬಾಯಿ ಬರುತ್ತೆ. ಹೋದ ವರ್ಷ 'ಬೇಡ ಅನ್ನೋದು' ಇಟ್ಟಾಗ ಪುಸ್ತಕ ಮುಗಿದ ಮೇಲೆ ಒಬ್ಬಾಕೆ, ನಾನು ಯಾರಿಗೂ ಬೇಡ ಅಂದೇ ಗೊತ್ತಿಲ್ಲ, ಮಗು ನಂಗೆ 'ಬೇಡ' ಅಂದ್ರೆ ಮಾತ್ರ ಕೋಪ ಬರುತ್ತೆ ಅಂದ್ಲು. ಆಮೇಲೆ ಅರ್ಧ ಗಂಟೆ ಯಾರೂ ಫೋನ್ ಮುಟ್ಲಿಲ್ಲ.

5 ಪುಸ್ತಕ ಜಾಸ್ತಿ ಆಯ್ತು. 2 ಸಾಕು, ಅದ್ರಲ್ಲೂ ಒಂದನ್ನ ಎರಡು ಸಲ ಓದಿ. ಮೊದಲನೇ ಸಲ ಮಕ್ಕಳು ಬರೀ ನೋಡ್ತಾರೆ, ಎರಡನೇ ಸಲ ಮುಂದಿನ ಪುಟದಲ್ಲಿ ಏನು ಬರುತ್ತೆ ಅಂತ ಗೊತ್ತಿರುತ್ತಲ್ಲ, ಆಗ ಕೂಗ್ತಾರೆ, ಮಜಾ ಇರೋದೇ ಅಲ್ಲಿ. ಒಟ್ಟು 40-45 ನಿಮಿಷ, ಅದ್ರಲ್ಲಿ ಓದೋದು 15 ನಿಮಿಷ ದಾಟ್ಬಾರ್ದು, ಉಳಿದಿದ್ದು ಆಟ, ಹರಟೆ.

ಇನ್ನು ನಿಮ್ಮ ಮಗಳು. ಕ್ಲಬ್ ಮಾಡೋರ ಮನೆ ಮಗುನೇ ಯಾವಾಗ್ಲೂ ಜಾಸ್ತಿ ಗಲಾಟೆ ಮಾಡೋದು ಕಣ್ರೀ, ಪಾಪ ಅದರ ಮನೆ, ಅದರ ಪುಸ್ತಕ, ಅದರ ಅಮ್ಮ, ಎಲ್ಲ ಒಂದೇ ದಿನ ಪಾಲಾಗೋಗುತ್ತೆ. ಅವಳಿಗೆ ತೀರಾ ಇಷ್ಟ ಇರೋ ಪುಸ್ತಕ ಆ ದಿನ ಹೊರಗೆ ತೆಗೀಲೇಬೇಡಿ, ಬೀರುಲಿ ಇಡಿ. ಶುರುವಾಗೋ ಗಂಟೆ ಅವಳ ಕೈಲೇ ಬಾರಿಸಿ. ಮತ್ತೆ ಪುಸ್ತಕ ಬೇರೆ ಅಮ್ಮ ಓದ್ಲಿ, ನಿಮ್ಮ ತೊಡೆ ಅವಳಿಗೆ ಖಾಲಿ ಇರ್ಲಿ. ಇದೊಂದನ್ನ ಮಾಡಿ ನೋಡಿ, ಅರ್ಧ ರಂಪ ಕಮ್ಮಿ ಆಗುತ್ತೆ.

ಹತ್ತಿ, ಮಣಿ, ಗುಂಡಿ ಇವೆಲ್ಲ ಸಣ್ಣ ಮಕ್ಕಳಿರೋ ಕಡೆ ಬೇಡವೇ ಬೇಡ. ಟಿಶ್ಯೂ ರೋಲ್ ಒಳಗಿನ ರಟ್ಟಿನ ಕೊಳವೆ ಇರುತ್ತಲ್ಲ, ಅದರೊಳಗೆ ತೂರೋ ಯಾವ ವಸ್ತುವೂ 3 ವರ್ಷದೊಳಗಿನ ಮಕ್ಕಳ ಕೈಗೆ ಸಿಗಬಾರ್ದು, ಗಂಟಲಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ.

ಪುಸ್ತಕ ಕಪಾಟು:

ನಾನು ಲೈಬ್ರರಿಲಿ ಮಕ್ಕಳ ವಿಭಾಗ ನೋಡ್ಕೊಳ್ಳೋದು. ಮೇಲಿನವರು ಹೇಳಿದ್ದು ಸರಿ ಇದೆ, ಓದೋ ಬಗ್ಗೆ ಒಂದೆರಡು ಸೇರಿಸ್ತೀನಿ.

ಮೊದ್ಲು ನೀವು ಎಲ್ಲಿ ಕೂತಿದ್ರಿ? ಕಿಟಕಿಗೆ ಬೆನ್ನು ಹಾಕಿ ಕೂತ್ರೆ ಮಕ್ಕಳಿಗೆ ಬೆಳಕು ಕಣ್ಣಿಗೆ ಹೊಡೆಯುತ್ತೆ, ಚಿತ್ರ ಕಪ್ಪಾಗಿ ಕಾಣುತ್ತೆ. ಗೋಡೆಗೆ ಬೆನ್ನು ಹಾಕಿ, ಮಣೆನೋ ಚಿಕ್ಕ ಸ್ಟೂಲೋ ಹಾಕ್ಕೊಂಡು ಕೂರಿ, ಮುಂದೆ ಒಂದು ಎದ್ದು ನಿಂತ್ರೂ ಹಿಂದಿನೋರಿಗೆ ಕಾಣುತ್ತೆ. ಪುಸ್ತಕನ ಕೆಳಗಡೆ ಮಧ್ಯದಲ್ಲಿ ಹಿಡಿದು ನಿಮ್ಮ ಮುಖದ ಪಕ್ಕಕ್ಕೆ, ತೆರೆದ ಪುಟ ಪೂರ್ತಿ ಮಕ್ಕಳ ಕಡೆ. ನೀವು ಓರೆಗಣ್ಣಲ್ಲಿ ಓದ್ಬೇಕಾಗುತ್ತೆ, ಅದಕ್ಕೇ ಹಿಂದಿನ ದಿನ ಮೋಡ ಮಾಡೋ ಬದ್ಲು ಅದೇ ಪುಸ್ತಕನ ನಾಲ್ಕು ಸಲ ಜೋರಾಗಿ ಓದಿ ಅಂತೀನಿ.

ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟ ಇರುತ್ತೆ, ದೊಡ್ಡ ಹಾಳೇಲಿ ಮುದ್ರಿಸಿ ಮಡಚಿದಾಗ 8, 16 ಲೆಕ್ಕದಲ್ಲಿ ಪುಟ ಬರುತ್ತಲ್ಲ ಅದಕ್ಕೆ. ಹೆಸರಿನ ಪುಟ ಅದು ಇದು ಕಳೆದ್ರೆ ಕತೆಗೆ ಉಳಿಯೋದು ಹನ್ನೆರಡು ಹದಿಮೂರು ಸಲ ಪುಟ ತಿರುಗಿಸೋಷ್ಟು. ಪುಟ ತಿರುಗಿಸೋ ಆ ಕ್ಷಣನೇ ಇಡೀ ನಾಟಕ ಅಂದ್ಕೊಳ್ಳಿ, ಪುಟದ ತುದಿ ಎತ್ತಿ ಅಲ್ಲೇ ನಿಲ್ಸಿ, ಒಂದು ಉಸಿರು ಬಿಡಿ, ಓಡ್ತಾ ಇರೋದೂ ನಿಂತು ನೋಡುತ್ತೆ.

ಸಣ್ಣ ಅಳತೆ ಪುಸ್ತಕ 9 ಮಕ್ಕಳಿಗೆ ಕಾಣಲ್ಲ. ಜಪಾನ್‌ನಲ್ಲಿ 1930ರ ದಶಕದಲ್ಲಿ ಸೈಕಲ್ ಹಿಂದೆ ಮರದ ಚೌಕಟ್ಟು ಇಟ್ಕೊಂಡು ಬೀದೀಲಿ ಕತೆ ಹೇಳೋರಿದ್ರು, ಕಾಮಿಶಿಬಾಯಿ ಅಂತ, ದೊಡ್ಡ ಚಿತ್ರದ ಹಾಳೆ ಮಕ್ಕಳ ಕಡೆ, ಹೇಳ್ಬೇಕಾದ ಮಾತು ಹಾಳೆ ಹಿಂದೆ. ಅದೇ ಉಪಾಯ ಮಾಡ್ಬೋದು. ಪ್ರಥಮ್ ಬುಕ್ಸ್ ಅನ್ನೋ ಮಕ್ಕಳ ಪುಸ್ತಕದ ಪ್ರಕಾಶನದವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನೋ ಸೈಟ್‌ನಲ್ಲಿ ಕನ್ನಡದ್ದೂ ಬೇಕಾದಷ್ಟು ಕತೆ ಇದೆ, ಮುಕ್ತ ಲೈಸೆನ್ಸ್, ಅಂದ್ರೆ ಯಾರು ಬೇಕಾದ್ರೂ ಬಳಸ್ಬೋದು, ಡೌನ್‌ಲೋಡ್ ಮಾಡಿ ದೊಡ್ಡದಾಗಿ ಪ್ರಿಂಟ್ ಹಾಕಿ, ಹಿಂದೆ ಮಾತು ಬರ್ಕೊಳ್ಳಿ.

ಅಮ್ಮಂದಿರಿಗೆ ಏನು ಕೆಲಸ ಅಂದ್ರಲ್ಲ, ನನ್ನ ಪ್ರಕಾರ ಪ್ರಶ್ನೆ ಕೇಳೋದನ್ನ ಕಲಿಯೋದೇ ಕೆಲಸ. 1988ರಲ್ಲಿ ವೈಟ್‌ಹರ್ಸ್ಟ್ ಅನ್ನೋ ಸಂಶೋಧಕರು ಮತ್ತೆ ಅವರ ಜೊತೆಯವರು ಎರಡು ಮೂರು ವರ್ಷದ ಮಕ್ಕಳ ಮೇಲೆ ಒಂದು ಅಧ್ಯಯನ ಮಾಡಿದ್ರು, ಬರೀ 4 ವಾರದ್ದು. ಎರಡೂ ಗುಂಪಿನ ಅಪ್ಪ ಅಮ್ಮಂದಿರು ಮನೇಲಿ ಓದ್ತಾ ಇದ್ರು, ಆದ್ರೆ ಒಂದು ಗುಂಪಿಗೆ ಮಾತ್ರ, ಹೌದು ಅಲ್ಲ ಅಂತ ಮುಗಿಯೋ ಪ್ರಶ್ನೆ ಬಿಟ್ಟು 'ಇಲ್ಲಿ ಏನಾಗ್ತಿದೆ' ಥರ ಕೇಳೋದು, ಮಗು ಹೇಳಿದ್ದಕ್ಕೆ ಎರಡು ಪದ ಸೇರಿಸಿ ವಾಪಸ್ ಹೇಳೋದು ಕಲಿಸಿದ್ರು. ಆ ಮಕ್ಕಳು ಮಾತಲ್ಲಿ ಮುಂದೆ ಹೋದ್ರು. ಮಗು 'ನಾಯಿ' ಅಂದ್ರೆ ನೀವು 'ಹೌದು, ನಾಯಿ ಒದ್ದೆ ಆಗಿದೆ' ಅನ್ನಿ, ಇಷ್ಟೇ ವಿದ್ಯೆ. ಕಷ್ಟ ಏನಂದ್ರೆ ಪ್ರಶ್ನೆ ಕೇಳಿದ ಮೇಲೆ ಸುಮ್ನಿರೋದು. ಮನಸಲ್ಲೇ 5ರವರೆಗೆ ಎಣಿಸಿ ಅಂತ ಅಮ್ಮಂದಿರಿಗೆ ಹೇಳಿ, ಇಲ್ಲಾಂದ್ರೆ ಉತ್ತರಾನೂ ಅವರೇ ಹೇಳ್ತಾರೆ.

15 ತಿಂಗಳಿನದನ್ನ ಬಿಡ್ಬೇಡಿ. ಅಮೆರಿಕದ ಮಕ್ಕಳ ಡಾಕ್ಟರುಗಳ ಸಂಘ 2014ರಲ್ಲೇ ಹುಟ್ಟಿದಾಗಿಂದ್ಲೇ ಓದಿ ಹೇಳಿ ಅಂತ ಸಲಹೆ ಕೊಟ್ಟಿದೆ. ಅದಕ್ಕೆ ಕತೆ ಅಲ್ಲ, ಅಮ್ಮನ ತೊಡೆ, ಅಮ್ಮನ ದನಿ, ಕಚ್ಚೋಕೆ ಒಂದು ದಪ್ಪ ರಟ್ಟಿನ ಪುಸ್ತಕ ಇದ್ರೆ ಸಾಕು. ಅಂಥ ಪುಸ್ತಕಗಳದ್ದೇ ಒಂದು ಬುಟ್ಟಿ ಬೇರೆ ಇಡಿ, ಹರಿದ್ರೆ ಮಕ್ಕಳ ಮುಂದೇನೇ ಟೇಪ್ ಹಾಕಿ.

ಮೂಲೆ ಕುರ್ಚಿ:

ಇಷ್ಟೊಂದು ವಿಜ್ಞಾನ ಬೇಕಾ? ಥೀಮ್ ಗೀಮ್ ಎಲ್ಲ ಸ್ಟೇಟಸ್‌ಗೆ ಫೋಟೋ ಹಾಕೋರಿಗೆ. ಕೈಗೆ ಸಿಕ್ಕಿದ ಪುಸ್ತಕ ಓದಿ, ಮುಗೀತು.

ಚಾಪೆ ಹಾಸಿದವಳು:

ಒಂದೇ ಮಗುಗಾದ್ರೆ ನೀವು ಹೇಳಿದ್ದು ಸರಿನೇ. 8 ಮನೆಯವರು ಬೇರೆ ಬೇರೆ ಪುಸ್ತಕ ತಂದಾಗ ಮಾತಾಡೋಕೆ ಒಂದು ಎಳೆ ಬೇಕಲ್ಲ, ಥೀಮ್ ಅಷ್ಟಕ್ಕೆ ಮಾತ್ರ. ಫೋಟೋ ವಿಷ್ಯ ಒಳ್ಳೇದಾಯ್ತು ನೆನಪಿಸಿದ್ರಿ, ಬೇರೆಯವರ ಮಕ್ಕಳ ಫೋಟೋ ಕೇಳದೆ ಹಾಕ್ಬೇಡಿ, ಶುರುವಿನಲ್ಲೇ ಹೇಳ್ಬಿಡಿ.

ಅರ್ಧಕ್ಕೆ ಎದ್ದು ಹೋದವಳು:

ನಾನು ಹೋಗೋ ಕಡೆಯಿಂದ ಹೇಳ್ತೀನಿ, ಮಾಡೋ ಕಡೆಯಿಂದ ಅಲ್ಲ. ಒಂದು ಗುಂಪಿಗೆ ಮೂರು ಸಲ ಹೋಗಿ ಬಿಟ್ಟೆ. ನನ್ನ ಮಗ ಕೂರಲ್ಲ, ಸುತ್ತ ಓಡ್ತಾನೇ ಇರ್ತಾನೆ. ಪ್ರತಿ ಸಲ ಅವನು ಎದ್ದಾಗ ಎಲ್ರೂ ನನ್ನ ಮುಖ ನೋಡೋರು, ನಡೆಸೋರು ನಗ್ತಾನೇ 'ಇವತ್ತು ಯಾರು ಗುಡ್ ಬಾಯ್' ಅನ್ನೋರು. ಮೂರನೇ ಸಲ ಅರ್ಧಕ್ಕೇ ಚಪ್ಪಲಿ ಹಾಕ್ಕೊಂಡು ಬಂದ್ಬಿಟ್ಟೆ. ತಮಾಷೆ ಏನಂದ್ರೆ ಅವತ್ತು ರಾತ್ರಿ ಮಲಗೋವಾಗ ಆ ಕತೆ ಪೂರ್ತಿ ಅವನೇ ಹೇಳ್ದ, ಕರಡಿ ಏನು ಹೇಳ್ತು ಅನ್ನೋದು ಸಮೇತ. ಓಡ್ತಾನೇ ಕೇಳಿಸ್ಕೊಂಡಿದ್ದ.

ಅದಕ್ಕೇ ಹೇಳ್ತೀನಿ, ಮೊದಲನೇ ಮಾತೇ 'ಓಡಾಡಿದ್ರೂ ಪರವಾಗಿಲ್ಲ, ಯಾರೂ ಶ್ ಅನ್ಬೇಡಿ' ಅಂತ ಜೋರಾಗಿ ಹೇಳಿ. ಮಕ್ಕಳಿಗಲ್ಲ, ಅಮ್ಮಂದಿರಿಗೆ. ಫೋನ್ ನೋಡ್ತಾ ಇದ್ದೋರನ್ನೂ ಬೈಕೋಬೇಡಿ, ನಾನೂ ನಾಚಿಕೆಗೆ ಫೋನ್ ಒಳಗೆ ಮುಖ ಹಾಕ್ಕೊಂಡು ಕೂತಿರ್ತಿದ್ದೆ.

ನಿದ್ದೆಗೆಟ್ಟ ಅಮ್ಮ:

ಎಲ್ರಿಗೂ ಥ್ಯಾಂಕ್ಸ್. ಕೊನೇ ಮಾತು ಓದಿ ಚುರುಕ್ ಅಂತು, ನಾನೂ ಅವತ್ತು ಒಬ್ರ ಮುಖ ನೋಡಿದ್ದೆ, ಫೋನ್ ಮಾಡಿ ಮಾತಾಡ್ತೀನಿ. ಬಚ್ಚಿಟ್ಕೊಳ್ಳೋದು ಅಂತ ಫಿಕ್ಸ್ ಮಾಡಿದೆ. ಒಂದೇ ಒಂದು ಡೌಟು, ನನ್ನ ಹತ್ರ ಇರೋ ಒಳ್ಳೇ ಪುಸ್ತಕ ಇಂಗ್ಲಿಷ್‌ದು, ಕನ್ನಡದಲ್ಲಿ ಹೇಳಿದ್ರೆ ಪರವಾಗಿಲ್ವಾ?

ಪುಸ್ತಕ ಕಪಾಟು:

ಧಾರಾಳವಾಗಿ ಹೇಳಿ, ಆದ್ರೆ ಓದ್ತಾ ಓದ್ತಾ ಸಾಲು ಸಾಲು ಅನುವಾದ ಮಾಡೋಕೆ ಹೋಗ್ಬೇಡಿ, ತೊದಲ್ತೀರಾ. ಮನೇಲಿ ಒಂದ್ಸಲ ಕನ್ನಡದಲ್ಲಿ ಕತೆ ಹೇಳ್ಕೊಂಡು, ಪುಟಕ್ಕೊಂದು ಸಾಲು ಚೀಟಿ ಬರೆದು ಅಂಟಿಸ್ಕೊಳ್ಳಿ. ಅಕ್ಷರನೇ ಇಲ್ಲದ ಚಿತ್ರಪುಸ್ತಕ ಸಿಕ್ರೆ ಇನ್ನೂ ಒಳ್ಳೇದು, ಓದೋಕೆ ಮುಜುಗರ ಇರೋ ಅಮ್ಮಂದಿರ ಕೈಗೂ ಕೊಡ್ಬೋದು.

ನಿದ್ದೆಗೆಟ್ಟ ಅಮ್ಮ:

ಅಪ್‌ಡೇಟ್: ನಿನ್ನೆ ಆಯ್ತು. 6 ಮಕ್ಕಳು ಬಂದಿದ್ರು. ಒಂದು ಪುಸ್ತಕ ಎರಡು ಸಲ, ಇನ್ನೊಂದು ತೆಗೀಲೇ ಇಲ್ಲ. ಓದಿದ್ದು ನಾನಲ್ಲ, ಹೋದ ಸಲ ಫೋನ್ ನೋಡ್ತಾ ಕೂತಿದ್ದವರು, ಎಂಥ ದನಿ ಅಂತೀರಾ, ಪುಟದ ತುದಿ ಎತ್ತಿ ನಿಲ್ಸಿದಾಗ ನಾನೇ ಉಸಿರು ಹಿಡ್ಕೊಂಡಿದ್ದೆ. ಚಿಕ್ಕದು ನೀಲಿ ಬೆಡ್‌ಶೀಟ್ ಕೆಳಗೆ ಹೋಗಿ ಹೊರಗೆ ಬರ್ಲೇ ಇಲ್ಲ. ಮಗಳು ಗಂಟೆ ಬಾರಿಸಿದ್ದು 40 ಸಲ ಇರ್ಬೇಕು, ನನ್ನ ತಲೆ ಇನ್ನೂ ಗುಂಯ್ ಅಂತಿದೆ. ಅತ್ತಿದ್ದು ಒಂದೇ ಸಲ, ಎಲ್ರೂ ಹೊರಟಾಗ.

ಆದ್ರೆ ಥೀಮ್ ಅವಳಿಗೆ ತುಂಬಾ ಚೆನ್ನಾಗಿ ಅರ್ಥ ಆದಂಗಿದೆ, ಎರಡನೇ ಪುಸ್ತಕನ ಎಲ್ಲೋ ಬಚ್ಚಿಟ್ಟಿದಾಳೆ, ಹೇಳ್ತಾನೇ ಇಲ್ಲ. ಅದು ಲೈಬ್ರರಿ ಪುಸ್ತಕ, ಬೆಳಗ್ಗಿಂದ ಹುಡುಕ್ತಾ ಇದೀನಿ.

ಪುಸ್ತಕ ಕಪಾಟು:

ವಾಷಿಂಗ್ ಮಷೀನ್ ಒಳಗೆ ನೋಡಿದ್ರಾ? ಬಟ್ಟೆ ಹಾಕೋಕೆ ಮುಂಚೆ ನೋಡಿ.