‘ಅಡ್ಡಕೊಯ್ತ’ ಇಲ್ಲಿ ಹೊಂದುತ್ತದೆಯೇ? (ಒಂದು ರೇಡಾರ್ ಪದ)

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ರೇಡಾರ್ ಬಗ್ಗೆ ಬರೆಯುತ್ತಾ ‘ರೇಡಾರ್ ಕ್ರಾಸ್ ಸೆಕ್ಷನ್’ (ಆರ್‌ಸಿಎಸ್) ಹತ್ತಿರ ಬಂದು ಸಿಕ್ಕಿಹಾಕಿಕೊಂಡಿದ್ದೇನೆ. ಒಂದು ವಸ್ತು ತನ್ನ ಮೇಲೆ ಬಿದ್ದ ರೇಡಾರ್ ಅಲೆಯನ್ನು ಎಷ್ಟು ಜೋರಾಗಿ ವಾಪಸ್ ಕಳಿಸುತ್ತದೆ ಎಂಬುದರ ಅಳತೆ ಅದು. ಲೆಕ್ಕ ಚದರ ಮೀಟರಿನಲ್ಲಿ.

ಶಾಲೆಯಲ್ಲಿ ತಂತಿಯ ‘ಅಡ್ಡಕೊಯ್ತ’ ಎಂದು ಓದಿದ್ದೆವಲ್ಲ, ಮೊದಲು ಅದನ್ನೇ ಹಾಕಿದೆ. ಆದರೆ ಇಲ್ಲಿ ಕೊಯ್ಯುವುದು ಏನೂ ಇಲ್ಲ. 10 ಸೆಂ.ಮೀ. ಚೌಕದ ಒಂದು ತಗಡು ತೆಗೆದುಕೊಳ್ಳಿ, ಅಂಗೈಯಷ್ಟಗಲ. 10 ಗಿಗಾಹರ್ಟ್ಸ್ ರೇಡಾರಿಗೆ (ಅಲೆಯುದ್ದ 3 ಸೆಂ.ಮೀ.) ನೇರ ಮುಖ ಮಾಡಿ ಹಿಡಿದರೆ ಅದರ ಲೆಕ್ಕ ಸುಮಾರು 1.4 ಚದರ ಮೀಟರ್. ತಗಡಿನ ವಿಸ್ತೀರ್ಣದ 140 ಪಟ್ಟು! ಅದನ್ನೇ 9 ಡಿಗ್ರಿಯಷ್ಟು ಓರೆ ಮಾಡಿ, ವಾಪಸ್ ಬರುವುದು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಇದನ್ನು ಯಾವ ಬಾಯಲ್ಲಿ ಅಡ್ಡಕೊಯ್ತ ಅನ್ನೋದು?

ಅಳೆಯುವ ಬಗೆ ಮಾತ್ರ ನಮ್ಮ ಕಿರಾಣಿ ಅಂಗಡಿಯದೇ. ಮೊದಲು ಅಳತೆಯ ಕೋಣೆಯಲ್ಲಿ ಲೋಹದ ಗುಂಡು ಇಡುತ್ತಾರೆ. ಅದು ಅಲೆಯುದ್ದಕ್ಕಿಂತ ಸಾಕಷ್ಟು ದೊಡ್ಡದಿದ್ದರೆ ಸರಿ, ಹೇಗೆ ತಿರುಗಿಸಿದರೂ ಒಂದೇ ಬೆಲೆ, ಪೈ ಆರ್ ವರ್ಗ. ಅಂಗಡಿಯ ತೂಕದ ಕಲ್ಲಿನ ಹಾಗೆ ಅದು. ಆಮೇಲೆ ಅದೇ ಜಾಗದಲ್ಲಿ ನಮ್ಮ ವಸ್ತು ಇಟ್ಟು, ಮೆಲ್ಲಗೆ ತಿರುಗಿಸುತ್ತಾ ಹೋಲಿಸುತ್ತಾರೆ. ಖಾಲಿ ಕೋಣೆಯನ್ನೂ ಒಮ್ಮೆ ಅಳೆದು ಕಳೆಯುತ್ತಾರೆ, ತುಪ್ಪ ತೂಗುವಾಗ ಡಬ್ಬಿಯ ತೂಕ ಕಳೆದ ಹಾಗೆ.

ಆ ಕೋಣೆಯ ಹೆಸರೂ ತಲೆನೋವೇ. ಗೋಡೆ ತುಂಬಾ ಇಂಗಾಲ ಬೆರೆಸಿದ ಸ್ಪಂಜಿನ ಚೂಪು ಗೋಪುರಗಳು. ‘ಪ್ರತಿಧ್ವನಿರಹಿತ ಕೊಠಡಿ’ ಅಂದರೆ ಮಕ್ಕಳು ಸದ್ದಿನ ವಿಷಯ ಅಂದುಕೊಳ್ಳುತ್ತಾರೆ. ಸುಮ್ನೆ ‘ಅಲೆ ಹೀರುವ ಕೋಣೆ’ ಎಂದು ಬರೆದಿದ್ದೇನೆ.

ಸ್ಕ್ಯಾಟರಿಂಗಿಗೆ ‘ಚದುರಿಕೆ’ ಸಾಕು. ಜಾತ್ರೆ ಮುಗಿದ ಮೇಲೆ ಜನ ಚದುರಿದ ಹಾಗೆ ಅಲೆಯೂ ದಿಕ್ಕುದಿಕ್ಕಿಗೆ ಹೋಗುತ್ತದೆ, ಅಲ್ವಾ? ‘ಪ್ರತಿಫಲನ’ ಅಂದರೆ ಕನ್ನಡಿಯೇ ಕಣ್ಣಮುಂದೆ ಬರುತ್ತದೆ.

ಮೊದಲ ಪದಕ್ಕೆ ‘ತೋರಳತೆ’ ಹೊಳೆಯಿತು, ರೇಡಾರಿಗೆ ತೋರುವ ಅಳತೆ ಎಂಬ ಅರ್ಥದಲ್ಲಿ. ಮನೆಯಲ್ಲಿ ಹೇಳಿದರೆ, “ತೋರ ಅಂದರೆ ದಪ್ಪ ಅಲ್ವಾ, ಯಾರ ಸೊಂಟದ್ದು?” ಅಂದಳು ಹೆಂಡತಿ. ಬಲ್ಲವರು ಹೇಳಿ: ‘ತೋರಳತೆ’ ನಡೆಯುತ್ತದೆಯೇ, ‘ರೇಡಾರ್ ಹರವು’ ವಾಸಿಯೇ, ಅಥವಾ ಆರ್‌ಸಿಎಸ್ ಎಂದೇ ಬಿಡಲೇ?